ಬಾಯಿಲ್ಲದ ಚೀಲಗಳು

“ಅಮ್ಮಾ, ಮಹಾದೇವಿ ಆಂಟಿ ಅಪ್ಪನಿಗೆ ಬಾಸಾ?”

ಆರನೆಯ ಹುಟ್ಟುಹಬ್ಬ ಮುಗಿಸಿ, ಮೂಗಿನ ತುದಿಗೆ ಕೇಕಿನ ಕೆನೆ ಅಂಟಿಸಿಕೊಂಡೇ ಮಗಳು ರಕ್ಷಿತಾ ಕೇಳಿದ ಪ್ರಶ್ನೆ ಇದು. ಉತ್ತರ ಹೇಳಬೇಕಾದರೆ ನನ್ನ ಮಾನವನ್ನು ನಾನೇ ಹರಾಜಿಗಿಡಬೇಕು. ಇಡುತ್ತೇನೆ, ಕೇಳಿ!

ನಮ್ಮ ಸಿಂಗಸಂದ್ರದಲ್ಲಿ ಈಗ ಮಕ್ಕಳ ಹುಟ್ಟುಹಬ್ಬವೆಂದರೆ ಸಣ್ಣ ಮದುವೆ. ಹಾಲ್, ಬಲೂನಿನ ಕಮಾನು, ಮ್ಯಾಜಿಕ್ ಮಾಡುವವನು, ಹೊರಡುವಾಗ ಪ್ರತಿ ಮಗುವಿಗೂ ರಿಟರ್ನ್ ಗಿಫ್ಟ್. ಅದು ನಮ್ಮ ಕೈಲಾಗದು. ಆದರೆ ಆಗದು ಎಂದು ಒಪ್ಪಿಕೊಳ್ಳುವ ವಂಶ ನಮ್ಮದಲ್ಲ!

“ಮನೇಲೇ ಮಾಡೋಣ ರೀ. ಚಿತ್ರಾನ್ನ, ಜಾಮೂನು, ಪುಟ್ಟ ಕೇಕು. ಗಿಫ್ಟಿಗೆ ನನ್ನ ಹಳೇ ಸೀರೆಗಳಿವೆ, ಅಮ್ಮ ಕೊಟ್ಟ ಹೊಲಿಗೆ ಮಿಷನ್ ಇದೆ. ಇಪ್ಪತ್ತೆರಡು ಮಕ್ಕಳಿಗೂ ನನ್ನ ಕೈಯಾರೆ ಒಂದೊಂದು ಚೀಲ!” ಎಂದು ಘೋಷಿಸಿದೆ.

“ನೀನ್ಯಾವಾಗ ಹೊಲಿಗೆ ಕಲ್ತೆ?” ಎಂದರು ಗಂಡ ಮುರಳಿ. ಎಲೆಕ್ಟ್ರಾನಿಕ್ ಸಿಟಿಯ ಫ್ಯಾಕ್ಟರಿಯೊಂದರ ಸ್ಟೋರಿನಲ್ಲಿ ಆರು ಜನರ ಮೇಲೆ ಅಧಿಕಾರ ಚಲಾಯಿಸುವ ಮನುಷ್ಯ.

“ಇವತ್ತು! ವಿಡಿಯೋ ನೋಡ್ಕೊಂಡು!”

ಮರುದಿನವೇ ರಕ್ಷಿತಾ ಇಡೀ ಕ್ಲಾಸಿಗೆ ಸಾರಿಬಿಟ್ಟಳು: “ನಮ್ಮಮ್ಮನೇ ಹೊಲೀತಾರೆ. ಅಂಥದ್ದು ಅಂಗಡೀಲಿ ಸಿಗಲ್ಲ!” ಮಗಳ ಮಾತು ಉಳಿಸಬೇಕಿತ್ತು. ಅಂಗಡಿಯಲ್ಲಿ ಸಿಗುವುದಿಲ್ಲ ಎಂಬ ಅರ್ಧವನ್ನಂತೂ ಉಳಿಸಿದೆ.

ಭಾನುವಾರ ಸಂಜೆ ಐದಕ್ಕೆ ಮಕ್ಕಳು ಬರಬೇಕು. ಮಧ್ಯಾಹ್ನ ಮೂರಕ್ಕೆ ಹದಿನಾಲ್ಕು ಚೀಲ ಮುಗಿಸಿ ಮುರಳಿಯ ಮುಂದೆ ವಿಜಯೋತ್ಸವದಂತೆ ಹರಡಿದೆ. ಅವರು ಒಂದನ್ನೆತ್ತಿ ತಿರುಗಿಸಿದರು. ಮತ್ತೆ ತಿರುಗಿಸಿದರು.

“ಇದಕ್ಕೆ ಚಾಕೊಲೇಟ್ ಎಲ್ಲಿಂದ ಹಾಕೋದು?”

“ಬಾಯಿಂದ!”

“ಅದೇ, ಬಾಯಿ ಎಲ್ಲಿ?”

ಇರಲಿಲ್ಲ! ನಾಲ್ಕೂ ಕಡೆ ಹೊಲಿದಿದ್ದೆ! ನಾನು ತಲೆ ಬಗ್ಗಿಸಿ ಪೆಡಲ್ ತುಳಿಯುತ್ತಿದ್ದಾಗ ಚೀಲದ ವಿಡಿಯೋ ಮುಗಿದು, ಫೋನು ತಾನಾಗಿಯೇ ದಿಂಬಿನ ಪಾಠಕ್ಕೆ ದಾಟಿತ್ತು. ನಾಲ್ಕನೇ ಅಂಚನ್ನೂ ಮುಚ್ಚಿ ಎಂದಿತ್ತು, ವಿಧೇಯಳಾಗಿ ಮುಚ್ಚಿದ್ದೆ.

“ಹೋಗ್ಲಿ, ದಿಂಬು ಅಂತ್ಲೇ ಕೊಟ್ಬಿಡು. ಕ್ಲಾಸಲ್ಲಿ ಮಲಗೋಕೆ ಆಗುತ್ತೆ.”

ಸಿಟ್ಟಿನಲ್ಲಿ ಹದಿನೈದನೆಯದನ್ನು ಮಿಷನ್‌ಗೆ ತುರುಕಿ ತುಳಿದೆ. ಕಟಕಟಕಟ ಎಂದು ಕಿರುಚಿ ಅದು ನಿಂತುಹೋಯಿತು. ನನಗೂ ಅಳು ಬಂತು. ಆಗಲೇ ಬಾಗಿಲ ಬೆಲ್ಲು.

ಮೇಲಿನ ರೂಮಿನ ಮಹಾದೇವಿ! ಯಲಬುರ್ಗಾ ಕಡೆಯವರು, ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಒಂದಿಡೀ ಸಾಲು ಮಿಷನ್‌ಗಳ ಉಸ್ತುವಾರಿ ನೋಡುವ ಲೈನ್ ಸೂಪರ್‌ವೈಸರ್. ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡೇ ಇಳಿದು ಬಂದಿದ್ದರು.

“ಅಕ್ಕಾರ, ನಿಮ್ ಮಿಷನ್ ಅಳೂದು ಮ್ಯಾಲೆ ಕೇಳಿಸ್ತು. ದಾರ ತಪ್ಪು ಹಾಕೀರಿ.”

ನೋಡದೆಯೇ! ಬರೀ ಸದ್ದಿನಿಂದ! ನನ್ನ ಹದಿನಾಲ್ಕು ದಿಂಬುಗಳನ್ನು ನೋಡಿ ಅವರು ನಗಲಿಲ್ಲ. ಎಂಥ ದೊಡ್ಡ ಮನಸ್ಸು!

“ಹೊಲಿಗಿ ಗಟ್ಟಿ ಐತಿ. ಒಂದ್ ಕಡಿ ಬಿಚ್ಚಿದ್ರ ಆತು. ಎಷ್ಟು ಪೀಸ್ ಬೇಕು? ಎಷ್ಟೊತ್ತಿಗೆ?”

“ಇಪ್ಪತ್ತೆರಡು. ಐದಕ್ಕೆ.”

“ನಡೀರಿ, ಲೈನ್ ಹಾಕೂಣು.”

ಐದೇ ನಿಮಿಷದಲ್ಲಿ ನಮ್ಮ ನಡುಮನೆ ಕಾರ್ಖಾನೆಯಾಯಿತು. ಕತ್ತರಿಸುವುದು, ಹೊಲಿಯುವುದು ಮಹಾದೇವಿ. ಹೊಲಿಗೆ ಬಿಚ್ಚಿ ದಾರದ ತುದಿ ಕತ್ತರಿಸುವುದು ಮುರಳಿ. ಲಾಡಿ ಪೋಣಿಸುವುದು ರಕ್ಷಿತಾ.

“ನಾನು?”

“ನೀವು ಚಾ ಮಾಡ್ರಿ ಅಕ್ಕಾರ.”

ಮುರಳಿ ಮೆಲ್ಲಗೆ ಫೋನಿಗೆ ಕೈ ಹಾಕಿದರು. ಮಹಾದೇವಿ ತಲೆಯೆತ್ತಲೂ ಇಲ್ಲ. “ಅಣ್ಣಾರ, ಫೋನ್ ಕೆಳಗಿಡ್ರಿ. ನಿಮ್ಮಿಂದ ಲೈನ್ ನಿಂತೈತಿ.”

“ಸಾರಿ ಮೇಡಂ!”

ಎಂಟು ವರ್ಷದ ದಾಂಪತ್ಯದಲ್ಲಿ ನಾನು ಕೇಳದ ಶಬ್ದ!

ಆದರೆ ಆ ಕೈಗಳನ್ನು ನೋಡಬೇಕಿತ್ತು ನೀವು. ಟೇಪಿಲ್ಲ, ಗೆರೆಯಿಲ್ಲ, ಬಟ್ಟೆ ನೀರಿನ ಹಾಗೆ ಸೂಜಿಯಡಿ ಹರಿಯುತ್ತಿತ್ತು. ಬಣ್ಣ ಮಾಸಿದ ಸೀರೆಯ ಅಂಚನ್ನು ಅವರು ಚೀಲದ ಬಾಯಿಗೆ ತಂದಿಟ್ಟಾಗ, ಈ ಸೀರೆ ಇದಕ್ಕೆಂದೇ ನೇಯ್ದದ್ದೇನೋ ಅನ್ನಿಸಿತು. ಒಮ್ಮೆಯೂ ದನಿ ಏರಿಸಲಿಲ್ಲ. ರಕ್ಷಿತಾ ಲಾಡಿ ತಪ್ಪಿಸಿದರೆ, “ಛಲೋ ಮಾಡಿದಿ ಕೂಸ, ಇನ್ನೊಂದ್ ಸಲ ನೋಡು,” ಅಷ್ಟೇ. ವಾರದ ಒಂದೇ ರಜೆಯ ದಿನ, ಅದೇ ಕೆಲಸ, ನಮಗಾಗಿ.

ಐದಕ್ಕೆ ಮಕ್ಕಳು ನುಗ್ಗಿದಾಗ ಎಲ್ಲ ಚೀಲಗಳ ಲಾಡಿಯೂ ಇನ್ನೂ ಅರ್ಧಂಬರ್ಧ. ಮಹಾದೇವಿ ಗಾಬರಿಯಾಗಲಿಲ್ಲ. ಎಲ್ಲರನ್ನೂ ಸಾಲಾಗಿ ಕೂರಿಸಿ, “ಯಾರ ಚೀಲ ಅವರ ಪೋಣಿಸ್ಕೋರಿ!” ಎಂದರು. ಇಪ್ಪತ್ತೆರಡು ಮಕ್ಕಳೂ ನಾಲಿಗೆ ಹೊರಚಾಚಿ ಲಾಡಿ ಎಳೆದದ್ದೇ ಎಳೆದದ್ದು! ಮ್ಯಾಜಿಕ್ ಬೇಕೆಂದು ಒಬ್ಬರೂ ಕೇಳಲಿಲ್ಲ. ಕರೆದೊಯ್ಯಲು ಬಂದ ತಾಯಿಯೊಬ್ಬರು ನನ್ನ ಕಿವಿಯಲ್ಲಿ, “ಯಾವ ಇವೆಂಟ್ ಕಂಪನಿ ಕಣ್ರೀ?” ಎಂದು ಪಿಸುಗುಟ್ಟಿದರು.

“ಇದು ನಿಜವಾಗ್ಲೂ ನಿಮ್ಮಮ್ಮ ಹೊಲಿದಿದ್ದಾ?” ಎಂದು ಒಬ್ಬ ಹುಡುಗ ಕೇಳಿಯೇಬಿಟ್ಟ. ರಕ್ಷಿತಾ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

“ಹೌದಪಾ, ಅಕ್ಕಾರನ ಹೊಲದಾರ,” ಎಂದರು ಮಹಾದೇವಿ. “ನಾ ಬರೇ ಬಾಯಿ ತಗದೆ.”

ಎಲ್ಲ ಮುಗಿದು ಅವರು ಹೊರಟಾಗ ಬಾಗಿಲವರೆಗೂ ಹೋದೆ. ಮೆಟ್ಟಿಲ ಬಳಿ ಅವರು ನಿಂತು ತಿರುಗಿದರು.

“ಅಕ್ಕಾರ, ನಂದೊಂದು ಕೆಲಸ ಆಗಬೇಕ್ರಿ. ಬರೂ ತಿಂಗಳ ನಮ್ ಮಗ ಯಮನೂರನ ಬರ್ತ್‌ಡೇ. ಓಣಿ ಹುಡುಗರೆಲ್ಲಾ ಬರ್ತಾವ.”

“ಅಯ್ಯೋ, ಹೇಳಿ ಮಹಾದೇವಿ!” ಎಂದು ಸೆರಗು ಸಿಕ್ಕಿಸಿದೆ. “ಕೇಕ್ ಮಾಡ್ಲಾ? ಮನೆ ಅಲಂಕಾರ ಮಾಡ್ಲಾ? ಗಿಫ್ಟ್?”

“ಏನೂ ಮಾಡಬ್ಯಾಡ್ರಿ. ನೀವು ಬಂದು ಆರಾಮ ಕುಂತು ಉಣ್ರಿ. ಅಣ್ಣಾರನ್ನ ಮಾತ್ರ ಮಧ್ಯಾಹ್ನನ ಕಳಸಿಕೊಡ್ರಿ. ದಾರ ಭಾಳ ಛಲೋ ಕತ್ತರಸ್ತಾರ!”