ಕೆಂಪು ಚೌಕ, ಹಸಿರು ಚೌಕ, ಖಾಲಿ ಕೊಡ

ಕಚೇರಿಗೆ ಹೊಸ ಯಂತ್ರ ಬಂದಾಗಲೆಲ್ಲ ಹೊಸ ಥರದ ಮೂರ್ಖತನವೂ ಅದರ ಜೊತೆ ಬರುತ್ತದೆ. ಹಳೆಯದು ಇದ್ದಲ್ಲೇ ಇರುತ್ತದೆ. ಹಾವೇರಿಯ ಕಚೇರಿಗಳಿಗೆ ಕಂಪ್ಯೂಟರ್ ಬಂದ ಆ ವರ್ಷಗಳಲ್ಲಿ, ಬ್ಯಾಡಗಿ ಬದಿಯ ನಮ್ಮ ಹಳ್ಳಿಯ ನಳಗಳಲ್ಲಿ ನೀರು ಬರುವುದೇ ನಿಂತಿತ್ತು. ಟ್ಯಾಂಕರ್ ಕೇಳಲು ಹೋದ ನನಗೆ ಇವೆಲ್ಲ ನೋಡಲು ಸಿಕ್ಕವು.

1. ಕೌದಿ

ನೀರಿನ ಸಾಹೇಬರು ಕಂಪ್ಯೂಟರಿನ ಪರದೆ ನನ್ನ ಕಡೆ ತಿರುಗಿಸಿದರು. ಪರದೆ ತುಂಬ ಸಣ್ಣ ಸಣ್ಣ ಬಣ್ಣದ ಚೌಕಗಳು.

"ಇದೇನ್ರಿ, ಬಟ್ಟಿ ತುಂಡು ಹೊಲಿದ ಕೌದಿ?"

"ನೀರಿನ ಪಟ್ಟಿರಿ. ಅಡ್ಡ ಸಾಲು ಒಂದೊಂದು ಊರು, ಉದ್ದ ಸಾಲು ಒಂದೊಂದು ತಿಂಗಳು. ಎಷ್ಟು ದಿನ ನೀರು ಬಂತು ಅನ್ನೋ ಅಂಕಿ ಚೌಕದಾಗ ಬಣ್ಣ ಆಗಿ ಕುಂತೈತಿ. ಓದೋದೇ ಬ್ಯಾಡ, ನೋಡಿದ್ರ ಸಾಕು. ಕೆಂಪಂದ್ರ ನೀರಿಲ್ಲ, ಹಸಿರಂದ್ರ ಐತಿ. ನಿಮ್ಮೂರಿನ ಸಾಲು ಪೂರ್ತಿ ಹಸಿರು."

"ನಮ್ಮೂರಾಗ ಆರು ತಿಂಗಳಿಂದ ಹನಿ ನೀರಿಲ್ರಿ."

ಸಾಹೇಬರು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. "ನಿಮ್ಮದು ಯಾವೂರು, ಖರೇ ಹೇಳ್ರಿ" ಅಂದರು.

2. ಚಲೋ ಮಾಲು

ಬಣ್ಣ ತುಂಬಿದವನು ಪಕ್ಕದ ಕೋಣೆಯ ಆಪರೇಟರ್. ಬ್ಯಾಡಗಿಯವನು, ಮೂರು ತಲೆಮಾರಿನ ಮೆಣಸಿನಕಾಯಿ ವ್ಯಾಪಾರದ ಮನೆ.

"ಭಾಳ ನೀರು ಬಂದ ಊರಿಗೆ ಯಾವ ಬಣ್ಣ ಕೊಟ್ಟೀಯಪಾ?"

"ಕಡು ಕೆಂಪುರಿ. ಚಲೋ ಮಾಲಿಗೆ ಮತ್ಯಾವ ಬಣ್ಣ ಕೊಡ್ಬೇಕು?"

"ನಮ್ಮೂರು ಹಸಿರು ಯಾಕ?"

"ಹಸಿ ಕಾಯಿರಿ. ಇನ್ನೂ ಹಣ್ಣಾಗಿಲ್ಲ."

ಸಾಹೇಬರು ಆ ಕೆಂಪು ನೋಡಿ ಹೆದರಿ, ನೀರು ತುಂಬಿ ಹರಿಯುವ ಊರುಗಳಿಗೇ ಟ್ಯಾಂಕರ್ ಕಳಿಸಿದ್ದರು. ಅಲ್ಲಿಯವರು ಆ ನೀರಿನಲ್ಲಿ ಎಮ್ಮೆ ತೊಳೆದರು. ಎಮ್ಮೆಗಳು ಯಾವ ತಕರಾರೂ ಮಾಡಲಿಲ್ಲ.

3. ಬೂದಿ

ಆಪರೇಟರನ ಪಕ್ಕದಲ್ಲೇ ನಿಂತು ಬಣ್ಣ ಅದಲುಬದಲು ಮಾಡಿಸಿದೆ. ನಮ್ಮೂರು ಕೆಂಪಾಯಿತು. ಟ್ಯಾಂಕರಿಗೆ ಒಪ್ಪಿಗೆ ಸಿಗಬೇಕಾದದ್ದು ರಾಣೆಬೆನ್ನೂರಿನ ಸಭೆಯಲ್ಲಿ. ಸಭೆಗೆ ಮುಂಚೆ ಯಾರೋ ಪಟ್ಟಿಯನ್ನು ಜೆರಾಕ್ಸ್ ಮಾಡಿಸಿ ಹಂಚಿದರು. ಕಪ್ಪು-ಬಿಳುಪು ಜೆರಾಕ್ಸ್. ಕೆಂಪೂ ಬೂದಿ ಬಣ್ಣ, ಹಸಿರೂ ಬೂದಿ ಬಣ್ಣ.

ಅಧ್ಯಕ್ಷರು ಕನ್ನಡಕ ಏರಿಸಿ ಹೇಳಿದರು: "ಎಲ್ಲಾ ಊರೂ ಒಂದೇ ಥರ ಅದಾವಲ್ರಿ. ಯಾರಿಗೂ ಅನ್ಯಾಯ ಆಗಿಲ್ಲ."

ನಾನು ಕೂಗಾಡಿದೆ. ಹೊರಗೆ ಹಾಕುವ ಮುಂಚೆ, ಸಮಾಧಾನ ಮಾಡ್ಕೋರಿ ಎಂದು ಒಂದು ಲೋಟ ನೀರು ಕೊಟ್ಟರು. ಆ ವರ್ಷ ನಮ್ಮೂರಿನವರಿಗೆ ಸರಕಾರ ಕೊಟ್ಟ ಮೊದಲ ನೀರು ಅದು.

4. ಅಂಗಳದ ಪಟ್ಟಿ

ಇನ್ನು ಕಾಗದ ಸಾಕು ಅನ್ನಿಸಿತು. ಮರುದಿನ ಊರ ಹೆಂಗಸರೆಲ್ಲ ಪ್ಲಾಸ್ಟಿಕ್ ಕೊಡ ಹಿಡಿದು ಹಾವೇರಿಗೆ ಬಂದರು. ಕಚೇರಿಯ ಅಂಗಳದಲ್ಲಿ ಕೊಡಗಳನ್ನೇ ಚೌಕ ಮಾಡಿ ಇಟ್ಟೆವು: ಓಣಿಗೊಂದು ಸಾಲು, ತಿಂಗಳಿಗೊಂದು ಕೊಡ. ನೀರಿಲ್ಲದ ತಿಂಗಳಿಗೆ ಕೆಂಪು ಕೊಡ. ಬೇರೆ ಬಣ್ಣ ಬೇಕಾಗಲೇ ಇಲ್ಲ.

ಸಾಹೇಬರು ಇಸ್ತ್ರಿ ಅಂಗಿ ಹಾಕಿಕೊಂಡು ಹೊರಗೆ ಬಂದರು. ಮಗನಿಗೆ ಹೆಣ್ಣು ನೋಡಲು ಹೊರಟಿದ್ದಾರೆ ಎಂದು ಜವಾನ ಹೇಳಿದ. ಜೀಪು ಗೇಟಿನ ಹತ್ತಿರ, ನಡುವೆ ಅಂಗಳ ತುಂಬ ಕೊಡ.

"ಬಣ್ಣ ನೋಡಿದೆ, ತಿಳೀತು. ಎಲ್ಲಾ ತಗೀರಿ, ಲಗೂ" ಅಂದರು.

ಮುಂದಿನ ಸಾಲಿನಲ್ಲಿ ಕುಂತಿದ್ದ ಅಜ್ಜಿ ಏಳಲಿಲ್ಲ. "ಬಣ್ಣ ಏನ್ ನೋಡ್ತೀಯೋ ಯಪ್ಪಾ, ಒಳಗ ನೋಡು. ಎಲ್ಲಾ ಖಾಲಿ. ಚಲೋ ಕೆಲಸಕ್ಕ ಹೊಂಟೀದಿ, ಒಂದು ಖಾಲಿ ಕೊಡ ಎದುರಿಗೆ ಬಂದ್ರ ಮನಿಗೆ ಹೊಳ್ಳಿ ಹೋಗ್ತಾರ. ಇಲ್ಲಿ ಎಷ್ಟದಾವು ಎಣಿಸ್ಕೋ."

ಸಾಹೇಬರು ಮೆಟ್ಟಿಲಿಳಿಯಲು ಎತ್ತಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಒಳಗೆ ಹೋಗಿ ಫೋನ್ ಮಾಡಿದರು. ಆರು ತಿಂಗಳು ಬಾರದ ಟ್ಯಾಂಕರ್ ಅರ್ಧ ತಾಸಿನಲ್ಲಿ ಬಂತು. ಕೊನೆಯ ಕೊಡ ತುಂಬುವ ತನಕ ಅವರು ಬಾಗಿಲಲ್ಲೇ ನಿಂತಿದ್ದರು. ಆಮೇಲೆ ತುಂಬಿದ ಕೊಡಗಳ ನಡುವೆ ಬಲಗಾಲಿಟ್ಟು ನಡೆದು ಜೀಪು ಹತ್ತಿದರು.

ಅಜ್ಜಿ ಜೀಪಿನ ಹತ್ತಿರ ಹೋಗಿ ಕೇಳಿದಳು:

"ನಾಳೆನೂ ಎಲ್ಲ್ಯಾರ ಹೊಂಟೀರೇನ್ರಿ, ಸಾಹೇಬ್ರ?"