ಯುದ್ಧವಿಮಾನದ ಮುಂದೆ ಅಪ್ಪನ ಕಾರು

ಫೋಟೊ ಹಾಳಾದದ್ದಕ್ಕೆ ಬೇರೆ ಯಾರನ್ನೂ ದೂರುವಂತಿರಲಿಲ್ಲ. ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದ ಅದನ್ನು ಬಿಡಿಸಲು ನೀರಲ್ಲಿ ನೆನೆಹಾಕಿದವನು ಟೈಲರನೇ. ಹತ್ತು ನಿಮಿಷ ಎಂದು ಇಟ್ಟವನು ಯಾರದೋ ಪ್ಯಾಂಟಿನ ಸೊಂಟ ಬಿಚ್ಚುತ್ತ ಕೂತು ಮರೆತೇಬಿಟ್ಟ. ಮಧ್ಯಾಹ್ನ ಬಂದು ನೋಡಿದರೆ ಬೋಗುಣಿಯ ತುಂಬ ಬೂದು ನೀರು, ಅದರಲ್ಲೊಂದು ಬೋಳು ಕಾಗದ.

ಅದು ಅಪ್ಪ ತೆಗೆದಿದ್ದ ಫೋಟೊ. ಅವರು ವಾಯುಪಡೆಯ ನೆಲೆಯಲ್ಲಿ ವಿಮಾನಗಳಿಗೆ ಇಂಧನ ತುಂಬುವ ಟ್ಯಾಂಕರಿನ ಡ್ರೈವರಾಗಿದ್ದರು. ಹಳೆಯ ಕಾರೊಂದನ್ನು ಕೊಂಡ ಮೊದಲ ದಿನವೇ ಅದನ್ನು ಅಲ್ಲಿಗೆ ಓಡಿಸಿಕೊಂಡು ಹೋಗಿ, ದೊಡ್ಡ ಮೂತಿಯ ಯುದ್ಧವಿಮಾನದ ಮುಂದೆ ನಿಲ್ಲಿಸಿ ಫೋಟೊ ಹೊಡೆದಿದ್ದರು. ಕಾರು, ವಿಮಾನ, ಒಂದಿಷ್ಟು ಹುಲ್ಲು, ಅಷ್ಟೆ. ಅಪ್ಪ ತೀರಿಕೊಂಡು ಆರು ವರ್ಷವಾದರೂ ಅದು ಅಮ್ಮನ ಮಂಚದೆದುರಿನ ಗೋಡೆ ಬಿಟ್ಟು ಕದಲಿರಲಿಲ್ಲ.

ಅಮ್ಮ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಬೆಳಗ್ಗೆ ಎದ್ದವಳೇ ಗೋಡೆಯ ಮೇಲೆ ಉಳಿದ ಬಿಳಿಯ ಚೌಕವನ್ನು ನೋಡುತ್ತ ಕೂರುತ್ತಿದ್ದಳು, ಕೊನೇ ಬಸ್ಸು ಹೋದ ಮೇಲೂ ಸ್ಟಾಪಿನಲ್ಲಿ ನಿಂತವರ ಹಾಗೆ.

ಭಾನುವಾರ ಬೆಳಗ್ಗೆ ಅವನಿಗೆ ತಡೆಯಲಾಗಲಿಲ್ಲ. "ಅಮ್ಮಾ, ಕಾರು ನಮ್ಮ ಶೆಡ್ಡಲ್ಲೇ ಇದೆ. ವಿಮಾನಾನೂ ಆ ಹಳೇ ನೆಲೆಯಲ್ಲೇ ಇದೆಯಂತೆ, ಈಗ ಅದನ್ನ ಮ್ಯೂಸಿಯಂ ಮಾಡಿದಾರೆ. ಅದೇ ಜಾಗದಲ್ಲಿ ನಿಲ್ಲಿಸಿ, ಅದೇ ಥರ ಇನ್ನೊಂದು ತೆಗೆಸ್ಕೊಂಡು ಬರ್ತೀನಿ."

"ಅದೇ ಥರಾನಾ?" ಅಮ್ಮ ಅವನ ಮುಖವನ್ನೇ ನೋಡಿದಳು. "ಆಗುತ್ತೇನೋ ಮಗಾ?"

"ಯಾಕಾಗಲ್ಲ? ಒಂದು ಹೊಲಿಗೆ ಹೆಚ್ಚುಕಮ್ಮಿ ಇರಲ್ಲ, ನೋಡ್ತಿರು."

ಅಮ್ಮ ಇನ್ನೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯ ಮೇಷ್ಟ್ರ ತಲೆ ಮೇಲೆದ್ದಿತು. ಮೇಷ್ಟ್ರು ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಶಾಲೆ ಅವರನ್ನು ಬಿಟ್ಟಿತ್ತು, ಅವರು ಯಾರನ್ನೂ ಬಿಟ್ಟಿರಲಿಲ್ಲ.

"ಯಂತ್ರದ ವಿಚಾರ ನನಗೆ ಬಿಡಿ ಟೈಲರೇ. ನಾನೂ ಬರ್ತೀನಿ," ಎಂದರು, ಯಾರೂ ಕರೆಯದಿದ್ದರೂ.

ಶೆಡ್ಡಿನಲ್ಲಿ ಕಾರು ಬಟ್ಟೆ ಚೂರುಗಳ ಗೋದಾಮಾಗಿ ಕೂತಿತ್ತು. ಚೂರುಗಳನ್ನೆಲ್ಲ ಹೊರಗೆಳೆದು, ಟೈರಿಗೆ ಗಾಳಿ ಹಾಕಿ, ಪೆಟ್ರೋಲು ಸುರಿದದ್ದಾಯಿತು. ಬೀದಿ ತುದಿಯ ಸ್ಟುಡಿಯೋದವರೂ ಕ್ಯಾಮರಾ ಹೊತ್ತು ಬಂದರು. ಆದರೆ ಕಾರು ಕೆಮ್ಮಿತೇ ಹೊರತು ಏಳಲಿಲ್ಲ.

"ತಳ್ಳಬೇಕು," ಎಂದು ಮೇಷ್ಟ್ರು ಒಳಗೆ ಕೂತರು.

ಟೈಲರ್, ಸ್ಟುಡಿಯೋದವರು ಸೇರಿ ಎರಡು ಬೀದಿ ತಳ್ಳಿದ ಮೇಲೆ ಕಾರಿಗೆ ಜೀವ ಬಂತು. ಟೈಲರ್ ಓಡಿಹೋಗಿ ಮೇಷ್ಟ್ರನ್ನು ಪಕ್ಕಕ್ಕೆ ಸರಿಸಿ ಸ್ಟಿಯರಿಂಗ್ ಹಿಡಿದ. ಸವೆದ ಆ ಚಕ್ರ ಅಂಗೈಗೆ ತಾಗಿತು. ಅಪ್ಪನ ಕೈ ಆಡಿ ಆಡಿ ನುಣುಪಾಗಿದ್ದ ಜಾಗ ಅದು. ಅವನು ಬೆರಳು ಸಡಿಲಿಸಿ ಮೆಲ್ಲಗೆ ಹಿಡಿದುಕೊಂಡ.

"ಹಾರ್ನು ಹೊಡೀತದೋ ಇಲ್ವೋ?" ಎಂದು ಮೇಷ್ಟ್ರು ಕೈಚಾಚಿ ಒತ್ತಿದರು.

ಹೊಡೆಯಿತು. ನಿಲ್ಲಲೇ ಇಲ್ಲ.

ಎತ್ತಿದರೂ ಬಡಿದರೂ ಗುದ್ದಿದರೂ ಒಂದೇ ರಾಗ. ದಾರಿಯುದ್ದಕ್ಕೂ ಜನ ಕಿವಿ ಮುಚ್ಚಿಕೊಂಡರು, ಬಸ್ಸು ಪಕ್ಕಕ್ಕೆ ಸರಿಯಿತು, ಟ್ರಾಫಿಕ್ಕಿನ ಪೊಲೀಸು ಉಳಿದವರನ್ನೆಲ್ಲ ತಡೆದು ಇವರಿಗೆ ದಾರಿ ಬಿಟ್ಟ. ಮ್ಯೂಸಿಯಂ ಬಾಗಿಲಲ್ಲಿ 'ವಾಹನಗಳಿಗೆ ಪ್ರವೇಶವಿಲ್ಲ' ಎಂಬ ಬೋರ್ಡು ನೇತಾಡುತ್ತಿತ್ತು. ಆದರೆ ಇಷ್ಟು ಗದ್ದಲ ಮಾಡಿಕೊಂಡು ಬರುವವರು ದೊಡ್ಡವರೇ ಇರಬೇಕೆಂದು ಕಾವಲುಗಾರ ಗೇಟು ತೆರೆದು ಸಲ್ಯೂಟ್ ಹೊಡೆದ. ಮೇಷ್ಟ್ರು ಗಂಭೀರವಾಗಿ ತಲೆಯಾಡಿಸಿದರು.

ವಿಮಾನ ಅಲ್ಲೇ ಇತ್ತು. ಮೈಬಣ್ಣ ಮಾಸಿತ್ತು, ಚಕ್ರಗಳ ಕೆಳಗೆ ಇಟ್ಟಿಗೆ ಕೊಟ್ಟಿದ್ದರು. ಅದರಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಹಾರ್ನೂ ಎಂಜಿನ್ನೂ ಒಟ್ಟಿಗೆ ಸತ್ತವು. ಆ ನಿಶ್ಶಬ್ದದಲ್ಲಿ ಕಾವಲುಗಾರನಿಗೆ ಬುದ್ಧಿ ಬಂತು.

"ನೀವು ಯಾವ ಸಾಹೇಬ್ರು?" ಎಂದು ಓಡಿಬಂದ.

"ಟೈಲರ್," ಎಂದ ಟೈಲರ್.

"ಅಯ್ಯೋ, ನಿಮಗಾ ನಾನು ಸಲ್ಯೂಟ್ ಹೊಡೆದಿದ್ದು? ತೆಗೀರಿ ಗಾಡೀನ!"

ಮೇಷ್ಟ್ರು ಕಾನೂನು ಮಾತಾಡಲು ಹೋದರು. ಕಾವಲುಗಾರನ ದನಿ ಇನ್ನಷ್ಟು ಏರಿತು. ಕೊನೆಗೆ ಟೈಲರ್, "ಅಣ್ಣಾ, ನಮ್ಮಪ್ಪ ಇದೇ ವಿಮಾನಕ್ಕೆ ಎಣ್ಣೆ ತುಂಬಿಸ್ತಿದ್ರು. ನಮ್ಮಮ್ಮನಿಗೆ ಒಂದು ಫೋಟೊ ಬೇಕು, ಅಷ್ಟೇ," ಎಂದ. ಕಾವಲುಗಾರ ಕಾರನ್ನು ನೋಡಿದ, ಇವನನ್ನು ನೋಡಿದ. ಆಮೇಲೆ ಟೋಪಿ ತೆಗೆದು ಬಾನೆಟ್ಟಿನ ಮೇಲಿಟ್ಟು, ತಾನೂ ತಳ್ಳಲು ನಿಂತ.

"ಎಡಕ್ಕೆ!" ಎಂದರು ಮೇಷ್ಟ್ರು. "ಮೂತಿ ಬಲಕ್ಕೆ!" ಎಂದರು ಸ್ಟುಡಿಯೋದವರು. ಮದುವೆ ಫೋಟೊ ತೆಗೆದು ರೂಢಿಯಾದ ಅವರಿಗೆ ಕಾರಿನ ಗದ್ದವನ್ನೂ ಸ್ವಲ್ಪ ಎತ್ತಿಸುವ ಆಸೆ. ಮುಂದೆ, ಹಿಂದೆ, ಮತ್ತೆ ಮುಂದೆ ಎಂದು ತಳ್ಳಿಸಿ ತಳ್ಳಿಸಿ, ಸೂರ್ಯ ನೆತ್ತಿಗೇರಿದ ಮೇಲೆ ಅಂತೂ ಕ್ಲಿಕ್ ಎನ್ನಿಸಿದರು.

ಕಾರು ಮತ್ತೆ ಏಳಲಿಲ್ಲ. "ಐದು ಗಂಟೆಯೊಳಗೆ ಬಂದು ಎತ್ಕೊಂಡ್ಹೋಗಿ, ಆಮೇಲೆ ಬೀಗ," ಎಂದ ಕಾವಲುಗಾರ. ಮೂವರೂ ಬಸ್ಸಿನಲ್ಲಿ ನೇತಾಡಿಕೊಂಡು ವಾಪಸಾದರು.

ನಾಲ್ಕು ಗಂಟೆಗೆ ಇನ್ನೂ ಹಸಿಯಾಗಿದ್ದ ಫೋಟೊವನ್ನು ಟೈಲರ್ ಅಮ್ಮನ ಕೈಗಿಟ್ಟ. ಅದೇ ಕಾರು, ಅದೇ ವಿಮಾನ, ಅದೇ ಓರೆ. ಅಮ್ಮ ಕನ್ನಡಕ ಏರಿಸಿಕೊಂಡಳು. ಅವಳು ಕಾರನ್ನು ನೋಡಲಿಲ್ಲ, ವಿಮಾನವನ್ನೂ ನೋಡಲಿಲ್ಲ. ಅವಳ ಬೆರಳು ಕೆಳಗಿನ ಹುಲ್ಲಿನ ಮೇಲೆ ಅತ್ತಿಂದಿತ್ತ ತಡಕಾಡಿತು.

"ಚೆನ್ನಾಗಿ ಬಂದಿದೆ ಕಣೋ," ಎಂದಳು.

"ಏನಮ್ಮಾ? ಏನು ಹುಡುಕ್ತಿದೀಯ?"

"ಏನಿಲ್ಲ ಬಿಡು."

"ಹೇಳಮ್ಮಾ!"

"ಇಲ್ಲಿ ನಿಮ್ಮಪ್ಪನ ನೆರಳಿತ್ತು," ಎಂದಳು ಅಮ್ಮ. "ಕ್ಯಾಮರಾ ಕಂಡ್ರೆ ಆ ಮನುಷ್ಯ ಅದರ ಹಿಂದೆ ಹೋಗಿ ನಿಂತ್ಕೋತಿದ್ರು, ಎದುರಿಗೆ ನಿಲ್ತಿರಲಿಲ್ಲ. ಅವರದ್ದು ಅಂತ ಒಂದು ಫೋಟೊ ಇದೆಯಾ ಈ ಮನೇಲಿ? ಅವತ್ತು ಬಿಸಿಲು ಬೆನ್ನಿಗಿತ್ತು. ಎರಡೂ ಮೊಣಕೈ ಎತ್ತಿ, ಹಂಡೆಯ ಕಿವಿ ಥರಾ... ಉದ್ದಕ್ಕೆ ಬಿದ್ದಿತ್ತು. ದಿನಾ ಅದನ್ನೇ ನೋಡ್ತಿದ್ದೆ."

ನಲವತ್ತು ವರ್ಷ ಆ ಫೋಟೊದ ಕೆಳಗೇ ಓಡಾಡಿಯೂ ಟೈಲರ್ ಆ ನೆರಳನ್ನು ಕಂಡಿರಲಿಲ್ಲ. "ಬೆಳಗ್ಗೇನೇ ಯಾಕಮ್ಮ ಹೇಳಲಿಲ್ಲ?"

"ಅಷ್ಟು ಕುಣೀತಾ ಹೊರಟಿದ್ದೆ. ಇಲ್ಲದವರ ನೆರಳು ತಗೊಂಡು ಬಾ ಅಂತ ಹೇಗೋ ಹೇಳಲಿ?"

ಕಾಂಪೌಂಡಿನ ಮೇಲೆ ಮೇಷ್ಟ್ರ ತಲೆ ಕಂಡಿತು. ಎಲ್ಲ ಕೇಳಿಸಿಕೊಂಡಿದ್ದರು. "ಸಂಜೆ ನೆರಳು ಉದ್ದ ಆಗುತ್ತೆ ಟೈಲರೇ. ನೀವೇ ಕ್ಯಾಮರಾ ಹಿಡ್ಕೊಂಡು ನಿಂತ್ರೆ ಆಯ್ತಲ್ಲ! ನಡೀರಿ."

ಸ್ಟುಡಿಯೋಗೆ ಬೀಗ ಬಿದ್ದಿತ್ತು. ಅವರು ಕ್ಯಾಮರಾ ಸಮೇತ ಯಾವುದೋ ಮದುವೆಗೆ ಹೋಗಿಯಾಗಿತ್ತು. ಕಾರನ್ನಾದರೂ ತರೋಣವೆಂದು ಬಸ್ಸು ಹಿಡಿದರೆ, ಬಸ್ಸು ಎಲ್ಲ ಸ್ಟಾಪಿನಲ್ಲೂ ಸಾವಧಾನವಾಗಿ ನಿಂತು, ಐದೂಕಾಲಿಗೆ ಇಬ್ಬರನ್ನೂ ಇಳಿಸಿತು. ಮ್ಯೂಸಿಯಂ ಗೇಟಿಗೂ ಬೀಗ.

ಟೈಲರ್ ತಂತಿಬೇಲಿಗೆ ಆತು ನಿಂತ. ಒಳಗೆ ಇಳಿಬಿಸಿಲಿನಲ್ಲಿ, ವಿಮಾನದ ಮುಂದೆ ಅಪ್ಪನ ಕಾರು ಒಂದೇ ನಿಂತಿತ್ತು. ಸೂರ್ಯ ಅವನ ಬೆನ್ನಿಗಿದ್ದ. ಅವನ ನೆರಳು ಬೇಲಿಯನ್ನು ತೂರಿಕೊಂಡು ಹೋಗಿ, ಹುಲ್ಲಿನ ಮೇಲೆ ಉದ್ದಕ್ಕೆ ಮಲಗಿ, ಕಾರಿನ ಚಕ್ರವನ್ನು ಮುಟ್ಟಲು ಒಂದು ಮಾರು ಬಾಕಿಯಿತ್ತು. ಅವನು ಅತ್ತಿತ್ತ ನೋಡಿದ. ಮೇಷ್ಟ್ರು ಕಾವಲುಗಾರನನ್ನು ಹುಡುಕಿಕೊಂಡು ಹೋಗಿದ್ದರು, ಬೇರೆ ಯಾರೂ ಕಾಣಲಿಲ್ಲ. ಮೆಲ್ಲಗೆ ಬರಿಗೈಗಳೆರಡನ್ನೂ ಕಣ್ಣಿಗೆ ತಂದು ಮೊಣಕೈ ಎತ್ತಿದ.

ಹುಲ್ಲಿನ ಮೇಲೆ ಅಪ್ಪ ನಿಂತಿದ್ದರು.

ಟೈಲರ್ ಕೈ ಇಳಿಸಲಿಲ್ಲ. ಅಮ್ಮ ಇಲ್ಲಿರಬೇಕಿತ್ತು ಎಂದುಕೊಳ್ಳುವಷ್ಟರಲ್ಲಿ, "ಏನ್ರೀ ಅಷ್ಟೊತ್ತಿಂದ ನೋಡ್ತಿದೀರಿ?" ಎನ್ನುತ್ತ ಮೇಷ್ಟ್ರು ಬಂದು ಅವನ ಹಿಂದೆಯೇ ನಿಂತರು. ಬಿಸಿಲಿಗೆ ಕೊಡೆ ಬಿಚ್ಚಿದ್ದರು.

ಹುಲ್ಲಿನ ಮೇಲೆ ಈಗ ಕೊಡೆಯೊಂದೇ ಉಳಿಯಿತು.