ಪರ್ಮಿಟ್ ಇಲ್ಲದ ಗಣಪತಿ

ನಮ್ಮ ಮಾವನವರು ಇರುವ ಮನೆಗೆ ಕಳ್ಳರು ನುಗ್ಗಲಾರರು. ಇದು ಅವರ ಶೌರ್ಯದ ಮಾತಲ್ಲ, ಅವರು ಕೈಯಾರೆ ಮಾಡಿ ಕೂರಿಸಿದ ನಮ್ಮ ಮುಂಬಾಗಿಲಿನ ಅಗುಳಿಯ ಮಾತು. ಅದನ್ನು ತೆಗೆಯಬೇಕಾದರೆ ಎರಡೂ ಕೈಯಿಂದ ಬಾಗಿಲನ್ನು ತುಸು ಮೇಲಕ್ಕೆತ್ತಬೇಕು, ಬಲಗಾಲಿನಿಂದ ಕೆಳಗಿನ ಹಲಗೆಗೆ ಮೆತ್ತಗೆ ಒದೆಯಬೇಕು, ಆಮೇಲೆ ಮೂರನೆಯ ಕೈಯಿಂದ ಅಗುಳಿಯನ್ನು ಎಡಕ್ಕೆ ಎಳೆಯಬೇಕು. ಮೂರನೆಯ ಕೈ ಎಲ್ಲಿಂದ ತರುವುದು ಎಂದು ಕೇಳುತ್ತೀರಾ? ಮದುವೆಯಾಗಿ ಹೊಸಪೇಟೆಗೆ ಬಂದ ಮೊದಲ ವಾರ ನಾನೂ ಕೇಳಿದ್ದೆ.

"ಹೆಗಲು ಐತಲ್ಲವ್ವ" ಅಂದರು ಮಾವ.

ಕಂಪ್ಲಿಯಿಂದ ನನ್ನನ್ನು ನೋಡಲು ಬಂದಿದ್ದ ನಮ್ಮಪ್ಪ ಮಧ್ಯಾಹ್ನದ ಬಸ್ಸಿಗೆ ಹೊರಟವರು ಈ ಬಾಗಿಲ ಮುಂದೆ ಚೀಲ ಹಿಡಿದು ಒಂದು ಗಂಟೆ ನಿಂತಿದ್ದರು. ಮಾವ ಪೇಟೆಗೆ ಹೋಗಿದ್ದರು, ನನಗೆ ಇನ್ನೂ ಅಗುಳಿಯ ವಿದ್ಯೆ ಒಲಿದಿರಲಿಲ್ಲ. "ಹಿತ್ತಲ ಬಾಗಿಲಿಂದ ಹೋಗಪ್ಪ" ಎಂದರೆ, ಬೀಗರ ಮನೆಯಿಂದ ಹಿತ್ತಲಿಂದ ಹೋಗುವುದೇ ಎಂದು ಒಪ್ಪಲಿಲ್ಲ. ಕೊನೆಗೆ ಅಂದು ಇಲ್ಲೇ ಉಳಿದರು. ಮರುದಿನ ಊರಿಗೆ ಹೋಗಿ, "ಬೀಗರು ಭಾಳ ಒತ್ತಾಯ ಮಾಡಿದ್ರು, ಬಿಡಲೇ ಇಲ್ಲ" ಎಂದು ಎಲ್ಲರಿಗೂ ಹೇಳಿಕೊಂಡರಂತೆ. ಮಾತು ಸುಳ್ಳೇನೂ ಅಲ್ಲ.

ಮಾವ ಟಿ.ಬಿ. ಡ್ಯಾಮಿನ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಅವರ ತತ್ತ್ವ ಬಹಳ ಸರಳ. "ಅಂಗಡ್ಯಾಗ ಸಿಗೋ ಸಾಮಾನನೆಲ್ಲಾ ಯಾವನೋ ಒಬ್ಬ ಮನುಷ್ಯಾನೇ ಮಾಡಿರ್ತಾನಲ್ಲ? ನಾನೂ ಮನುಷ್ಯಾನೇ ಅದೀನಿ." ಈ ವಾದಕ್ಕೆ ನಮ್ಮ ಮನೆಯಲ್ಲಿ ಯಾರೂ ಇದುವರೆಗೆ ಉತ್ತರ ಕೊಟ್ಟಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಎಲ್ಲವೂ ಮನುಷ್ಯನೇ ಮಾಡಿದ್ದು. ಊಟದ ಮಣೆ, ಪಾತ್ರೆ ಸ್ಟ್ಯಾಂಡು, ಬಟ್ಟೆ ಒಣಹಾಕುವ ರಾಟೆ, ಒಂದು ಕಾಲಿಗೆ ಇಟ್ಟಿಗೆ ಕೊಟ್ಟ ಮಂಚ. ಅತ್ತೆಯವರು ತೀರಿಕೊಂಡ ಮೇಲೆ, ಅದರಲ್ಲೂ ನಾನು ಹೇಳಹೊರಟ ಹಬ್ಬಕ್ಕೆ ಮುಂಚಿನ ಎರಡು ವರ್ಷ, ಇದು ಮಿತಿಮೀರಿತು. ಟಿ.ವಿ. ನೋಡುವಾಗಲೂ ಕೈಯಲ್ಲಿ ಒಂದು ತಂತಿಯೋ ಕಬ್ಬಿಣ ಉಜ್ಜುವ ಕಾನಸೋ ಇರಲೇಬೇಕು. ವಾರ್ತೆ ಓದುವವಳು ಏನು ಹೇಳಿದರೂ ನಮಗೆ ಕೇಳುತ್ತಿದ್ದುದು ಕರ್ರ್ ಕರ್ರ್ ಸದ್ದೇ.

ಊರಿಗೆಲ್ಲ ಅದಿರಿನ ಹುಚ್ಚು ಹಿಡಿದಿದ್ದ ಕಾಲ ಅದು. ಹೊಲದಲ್ಲಿ ಜೋಳ ಬೆಳೆಯುತ್ತಿದ್ದವರು ಹೊಲವನ್ನೇ ಲಾರಿಗೆ ತುಂಬಿ ಕಳಿಸುತ್ತಿದ್ದರು. ಚೀನಾದವರು ನಮ್ಮ ಮಣ್ಣು ತೆಗೆದುಕೊಂಡು ಏನು ಮಾಡುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಆದರೆ ಅವರಿಗೆ ಕಳಿಸಿ ಉಳಿದದ್ದೆಲ್ಲ ನನ್ನ ಅಡಿಗೆಮನೆಗೆ ಬರುತ್ತಿತ್ತು! ನಮ್ಮ ಮನೆ ಸಂಡೂರು ರಸ್ತೆಯ ಬದಿಗೆ. ಒಂದರ ಹಿಂದೊಂದು ಲಾರಿ. ಬೆಳಿಗ್ಗೆ ಒರೆಸಿದ ನೆಲ ಕಾಫಿ ಸೋಸುವಷ್ಟರಲ್ಲಿ ಕೆಂಪು. ನನ್ನ ಗಂಡನ ಬಿಳಿ ಬನಿಯನ್ನುಗಳು ಬಿಳಿ ಎಂಬುದು ಬರೀ ಅಂಗಡಿಯ ರಸೀತಿಯಲ್ಲಿ.

"ತಡಿಯವ್ವ, ಇದಕ್ಕೊಂದು ಇಲಾಜು ಮಾಡ್ತೀನಿ" ಅಂದರು ಮಾವ.

 ಗೋಣಿಚೀಲಗಳನ್ನು ಜೋಡಿಸಿ ಹೊಲಿದು ಪಡಸಾಲೆಯ ಕಿಟಕಿಗಳಿಗೆ ಪರದೆ ಕಟ್ಟಿದರು. ಮೇಲೊಂದು ಪೈಪಿಗೆ ತೂತು ಕೊರೆದು ಹನಿಹನಿಯಾಗಿ ನೀರು ಬಿಟ್ಟರು. ಧೂಳು ಒದ್ದೆ ಗೋಣಿಗೆ ಅಂಟಿಕೊಳ್ಳಬೇಕು, ಗಾಳಿ ಮಾತ್ರ ತಂಪಾಗಿ ಒಳಗೆ ಬರಬೇಕು. ಎಷ್ಟು ಚೆಂದದ ಲೆಕ್ಕ ನೋಡಿ! ಧೂಳು ಅಂಟಿಕೊಂಡಿತು. ನೀರೂ ಬಂತು. ಎರಡೂ ಕೂಡಿ ಗೋಡೆಯಗುಂಟ ಇಳಿದು ಪಡಸಾಲೆಯ ನಡುವೆ ನಿಂತವು. ಮೊದಲು ನಾನು ನೆಲ ಒರೆಸುತ್ತಿದ್ದೆ, ಆಮೇಲೆ ಸಲಿಕೆಯಿಂದ ಬಾಚತೊಡಗಿದೆ.

"ಧೂಳು ಹೋತೋ ಇಲ್ಲೋ?" ಎಂದು ಕೇಳಿದರು.

"ಧೂಳು ಹೋತ್ರಿ ಮಾವಾರ" ಅಂದೆ. ಕೆಸರಿನ ಬಗ್ಗೆ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹಾಗಂತ ಅವರು ಮಾಡಿದ್ದೆಲ್ಲ ಹೀಗೇ ಎಂದರೆ ನನ್ನ ಬಾಯಲ್ಲಿ ಹುಳ ಬಿದ್ದೀತು. ಒಂದು ಬೇಸಿಗೆಯಲ್ಲಿ ನಾನು ಮಾಳಿಗೆ ಮೇಲೆ ಹಾಕಿದ ಅಕ್ಕಿ ಸಂಡಿಗೆಯೆಲ್ಲ ಧೂಳು ಕುಡಿದು ಕುಂಕುಮದ ಬಣ್ಣಕ್ಕೆ ತಿರುಗಿದಾಗ, ಹಳೆಯ ಕಿಟಕಿಯ ಗಾಜು, ಸೊಳ್ಳೆಪರದೆ, ಪ್ಯಾಕಿಂಗ್ ಹಲಗೆ ಸೇರಿಸಿ ಒಂದು ಒಣಗಿಸುವ ಪೆಟ್ಟಿಗೆ ಮಾಡಿಕೊಟ್ಟರು. ಮಲ್ಲಿಗೆಯಂಥ ಬಿಳಿ ಸಂಡಿಗೆ! ಎಣ್ಣೆಗೆ ಬಿಟ್ಟರೆ ಅರಳಿ ಬಾಣಲೆ ತುಂಬುತ್ತಿತ್ತು. ಓಣಿಯ ಹೆಂಗಸರೆಲ್ಲ ಹಿಟ್ಟು ಹಿಡಿದುಕೊಂಡು ನಮ್ಮ ಮನೆಗೆ ಪಾಳಿ ಹಚ್ಚಿದರು. ಆ ಒಂದು ತಿಂಗಳು ನಾನು ಓಣಿಯಲ್ಲಿ ತಲೆ ಎತ್ತಿಕೊಂಡು ಓಡಾಡಿದೆ, ಸುಳ್ಳೇಕೆ ಹೇಳಲಿ.

ಇನ್ನು ಗಣಪತಿಯ ವಿಷಯಕ್ಕೆ ಬರುತ್ತೇನೆ.

ನಮ್ಮ ಮನೆಯಲ್ಲಿ ಚೌತಿಗೆ ಕೂರುವುದು ಮಾವ ಕೈಯಿಂದ ಮಾಡಿದ ಗಣಪತಿಯೇ. ಕೆರೆಯ ಕರಿಮಣ್ಣು ತಂದು, ಸೋಸಿ, ನಾದಿ, ಎಂಟು ದಿನ ಹಿತ್ತಲಲ್ಲಿ ಕೂತು ಮಾಡುತ್ತಿದ್ದರು. ಕರಿಮಣ್ಣಿನ ಗುಣ ಗೊತ್ತಲ್ಲ, ಒಣಗಿದರೆ ಸೀಳುತ್ತದೆ. ನಾನು ಹೇಳುತ್ತಿರುವ ಹಬ್ಬಕ್ಕೆ ಹಿಂದಿನ ವರ್ಷ ಮಂಗಳಾರತಿ ನಡೆದಾಗಲೇ ಸೊಂಡಿಲು ಕಳಚಿ ಕಡುಬಿನ ತಟ್ಟೆಗೆ ಬಿತ್ತು. ನನ್ನ ಮೈದುನ ಎರಡು ಲಾರಿ ಕೊಂಡು ಅದಿರು ಹೊಡೆಯುವ ಕೆಲಸಕ್ಕೆ ಇಳಿದ ವರ್ಷವೇ ಅದು. ಅಂದು ಅವನ ದೊಡ್ಡ ದೊಡ್ಡ ಗಿರಾಕಿಗಳು ದರ್ಶನಕ್ಕೆ ಬಂದು ಕೂತಿದ್ದರು. ಅವರು ನಕ್ಕರು. ಮೈದುನನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಈ ಸಲ ಹಬ್ಬಕ್ಕೆ ಒಂದು ತಿಂಗಳಿರುವಾಗಲೇ ಅವನು ಮಾತು ತೆಗೆದ. "ಅಪ್ಪಾ, ಐದು ಫುಟ್ಟಿಂದು ಮಸ್ತ್ ಗಣಪ್ಪನ್ನ ಬುಕ್ ಮಾಡ್ತೀನಿ. ಕಲರು, ಲೈಟು, ಎಲ್ಲಾ ಅವರೇ ಕೊಡ್ತಾರ. ನೀ ಇನ್ನ ಆರಾಮ್ ಕುಂದ್ರು."

ಮಾವನ ಮುಖ ಸಣ್ಣದಾಯಿತು. ಆರಾಮಾಗಿ ಕುಳಿತುಕೋ ಎಂದರೆ ಅವರಿಗೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. "ಇದೊಂದು ವರ್ಷ ನಂದು" ಅಂದರು. "ನೋಡಿದವರು ಒಬ್ಬರು ನಕ್ರೂ ಸಾಕು, ಮುಂದಿನ ವರ್ಷದಿಂದ ನಿನ್ನ ಗಣಪ್ಪನ್ನ ತಗೊಂಡ್ ಬಾ. ನಾ ಮಣ್ಣು ಮುಟ್ಟಂಗಿಲ್ಲ. ಯಾರೂ ನಗಲಿಲ್ಲಂದ್ರ ನಾ ಇರೋತನ ಈ ಮನ್ಯಾಗ ನನ್ನ ಗಣಪ್ಪನೇ."

ಮೈದುನ ಖುಷಿಯಿಂದ ಒಪ್ಪಿದ. ಗೆದ್ದೇಬಿಟ್ಟೆ ಅಂದುಕೊಂಡಿರಬೇಕು.

ಮಾವ ಸೀಳದ ಮಣ್ಣು ಹುಡುಕಿಕೊಂಡು ಸಂಡೂರಿಗೆ ಹೋದರು. ಮಗನಿಗೆ ಎರಡು ಲಾರಿ ಇದ್ದರೂ ಅದನ್ನು ಕೇಳಲಿಲ್ಲ, ಕೆಂಪು ಬಸ್ಸಿನಲ್ಲೇ ಹೋದರು. ಒಂದು ಸಲಕ್ಕೆ ಒಂದು ಕೈಚೀಲದಂತೆ ಎಷ್ಟು ಸಲ ಹೋದರೋ! ಚೀಲವನ್ನು ಬದಿಗೆ ಸರಿಸಲು ಹೋದ ಕಂಡಕ್ಟರು ಸೊಂಟ ಹಿಡಿದುಕೊಂಡನಂತೆ.

"ಏನ್ರೀ ಯಜಮಾನ್ರ, ಇಷ್ಟು ವಜ್ಜಿ ಐತಿ? ಏನೈತ್ರಿ ಇದ್ರಾಗ?"

"ಗಣಪ್ಪ."

"ಪೂರ್ತಿನಾ?"

"ಇಲ್ಲ. ಇವತ್ತು ಬರೇ ಹೊಟ್ಟಿ."

ಹಿತ್ತಲಲ್ಲಿ ಬಿಸಿಲು ಹೆಚ್ಚು ಎಂದು ಈ ಸಲ ಪಡಸಾಲೆಯಲ್ಲಿ, ಅಡಿಗೆಮನೆಯ ಬಾಗಿಲಿಗೆ ಸರಿಯಾಗಿ ಹಲಗೆ ಹಾಕಿ ಕೂತರು. ಕೆಂಪು ಮಣ್ಣಿಗೆ ಅಂಟಿಗೆಂದು ಸ್ವಲ್ಪ ಜೇಡಿ ಬೆರೆಸಿದರು. ನಾನು ಸೌಟು ಹಿಡಿದು ಒಳಗೆ, ಅವರು ಚಮಚ ಹಿಡಿದು ಹೊರಗೆ. ನನ್ನ ಚಮಚ! ಕಿವಿ ತಿದ್ದಲು ಅದೇ ಬೇಕಂತೆ. ಹಗಲೆಲ್ಲ ತಲೆ ಎತ್ತದೆ ಮಾಡಿದರು. ಊಟಕ್ಕೆ ಕರೆದರೆ, "ಕಣ್ಣು ಮುಗಿಸಿ ಬರ್ತೀನವ್ವ" ಅನ್ನುವರು.

ಮುಗಿದ ದಿನ ನಾವೆಲ್ಲ ನೋಡುತ್ತ ನಿಂತುಬಿಟ್ಟೆವು. ಎರಡಡಿ ಎತ್ತರ. ಒಂದು ಕೂದಲೆಳೆ ಸೀಳಿಲ್ಲ. ದಟ್ಟ ಕೆಂಪು ಮೈ, ಬಿಸಿಲು ಬಿದ್ದರೆ ಒಳಗಿಂದ ಮಿಣಮಿಣ ಹೊಳೆಯುತ್ತಿತ್ತು. ಮುಖ ಎಷ್ಟು ಶಾಂತವಾಗಿತ್ತೆಂದರೆ ನಾನು ಕೈ ಮುಗಿದೆ. ಮೈದುನನೂ ಮುಗಿದ.

ಆಮೇಲೆ ಮಂಟಪಕ್ಕೆ ಒಯ್ಯೋಣವೆಂದು ನನ್ನ ಗಂಡ ಎತ್ತಿದರು. ಗಣಪತಿ ಏಳಲಿಲ್ಲ. ಮೈದುನ ಕೈ ಹಾಕಿದ. ಏಳಲಿಲ್ಲ. ಲಾರಿಯ ಇಬ್ಬರು ಡ್ರೈವರುಗಳು ಬಂದರು. ನಾಲ್ಕು ಜನ ಸೇರಿ "ಮೋರಯಾ" ಎಂದು ಎತ್ತಿದರೆ ಅವನು ನಾಲ್ಕು ಬೆರಳು ಎದ್ದ, ಹಲಗೆ ಲಟಕ್ಕೆಂದಿತು, ಮತ್ತೆ ಕೂತ. ಸಂಡೂರಿನ ಮಣ್ಣು ಅಂದರೆ ಏನು? ಅದಿರು! ಅದನ್ನು ಮೈದುನ ಹೇಳಿದ ಮೇಲೇ ನಮಗೆ ಹೊಳೆದದ್ದು.

"ದೇವರು ಅಲ್ಲೇ ಕುಂದ್ರತೀನಿ ಅಂತಾನ. ಮಂಟಪ ಇಲ್ಲಿಗೆ ತರ್ರಿ" ಅಂದರು ಮಾವ, ಒಂದಿಷ್ಟೂ ಅಳುಕದೆ.

ಹೀಗೆ ಆ ವರ್ಷ ವಿಘ್ನನಿವಾರಕನು ನನ್ನ ಅಡಿಗೆಮನೆಯ ಬಾಗಿಲಿಗೆ ಅಡ್ಡ ಕೂತ. ದೇವರನ್ನು ದಾಟಿ ಹೋಗುವಂತಿಲ್ಲ. ಐದು ದಿನ ನಾನು ಕಡುಬಿನ ತಟ್ಟೆ ಹಿಡಿದು ಅಡಿಗೆಮನೆಯಿಂದ ಹಿತ್ತಲಿಗೆ, ಹಿತ್ತಲಿಂದ ಓಣಿಗೆ, ಓಣಿಯಿಂದ ಮುಂಬಾಗಿಲಿಗೆ ಬಂದು ನೈವೇದ್ಯ ಮಾಡಿದೆ.

ಆದರೆ ಯಾರೂ ನಗಲಿಲ್ಲ. ಬಂದವರೆಲ್ಲ ಬೆರಗಾಗಿ ನಿಂತರು. ಮೈದುನನ ಗಿರಾಕಿಯೊಬ್ಬರು, ಅದಿರು ನೋಡಿಯೇ ದರ ಹೇಳುವವರು, ಕೈ ಮುಗಿದು, ಕಣ್ಣು ಮುಚ್ಚಿ, ಕಣ್ಣು ತೆರೆದು, ಮೆಲ್ಲಗೆ ಗಣಪತಿಯ ಪಾದವನ್ನು ಉಗುರಿನಿಂದ ಕೆರೆದರು. "ಭಾರಿ ಗ್ರೇಡ್ ಐತ್ರಿ" ಎಂದು ಭಕ್ತಿಯಿಂದ ಹೇಳಿದರು. ಮಾವ ಬಾಗಿಲ ಬಳಿ ಕೂತು, ಹೂಬತ್ತಿ ಹೊಸೆಯುತ್ತ, ಬಂದವರ ಮುಖವನ್ನೇ ನೋಡುತ್ತಿದ್ದರು. ಮೊದಲನೆಯ ದಿನ ಹೋಯಿತು, ಎರಡು, ಮೂರು, ನಾಲ್ಕು. ಅವರ ಮುಖ ದಿನದಿನಕ್ಕೆ ಅರಳಿತು.

ಐದನೆಯ ದಿನ ಸಂಜೆಗೆ ಮೊದಲೇ ಗಣಪತಿಯನ್ನು ನೀರಿಗೆ ಕಳಿಸುವುದೆಂದಾಯಿತು. ಆಟೋದವನು ಗಣಪತಿಯನ್ನು ಒಮ್ಮೆ, ತನ್ನ ಆಟೋವನ್ನು ಒಮ್ಮೆ ನೋಡಿ ಹೊರಟುಹೋದ. ಕೊನೆಗೆ ಮೈದುನನ ಲಾರಿಗೇ ಆರು ಜನ ಸೇರಿ ಏರಿಸಿದರು. ಮುಂದೆ ಡ್ರೈವರು, ಮೈದುನ. ಹಿಂದೆ ಗಣಪತಿ, ಅವನ ಪಕ್ಕ ಮಾವ, ನಾನು, ನನ್ನ ಗಂಡ. ಡ್ಯಾಮಿನ ಕಡೆ ಕಾಲುವೆಗೆ ಹೊರಟೆವು. ದಾರಿಯಲ್ಲಿ ಅದಿರಿನ ಲಾರಿಗಳನ್ನು ತಪಾಸಣೆ ಮಾಡುವ ಚೆಕ್‌ಪೋಸ್ಟು. ಕೈ ಅಡ್ಡ ಬಂತು.

"ಪರ್ಮಿಟ್ ತೋರಿಸ್ರಿ" ಅಂದ ಕಾವಲಿನವನು.

"ಗಣಪ್ಪನ್ನ ಕಳಿಸಾಕ ಹೊಂಟೀವಿ" ಅಂದ ಮೈದುನ.

"ಎಲ್ಲಾರೂ ಏನರ ಒಂದು ಹೇಳ್ತಾರ." ಅವನು ಮೇಲೆ ಹತ್ತಿದ. ಗಣಪತಿಯ ಬೆನ್ನನ್ನು ಬೆರಳಿನಿಂದ ತಟ್ಟಿದ. ಬೆರಳು ನೋಡಿಕೊಂಡ. "ಇದು ಅದಿರು."

"ಅದಿರಲ್ಲಪ, ವಿಘ್ನೇಶ್ವರ" ಅಂದರು ಮಾವ.

"ವಿಘ್ನೇಶ್ವರ ಇರಬಹುದು. ಮಾಲ್ ಅದಿರಿಂದೇ ಐತಿ. ಎಲ್ಲಿಂದ ಎಲ್ಲಿಗೆ?"

"ಕೈಲಾಸಕ್ಕ" ಅಂದರು ಮಾವ, ಬಹಳ ಗಂಭೀರವಾಗಿ.

ಕಾವಲಿನವನು ಅಷ್ಟೇ ಗಂಭೀರವಾಗಿ ಕೈಯಲ್ಲಿದ್ದ ಪುಸ್ತಕ ತೆರೆದು ಬರೆಯಲು ಪೆನ್ನು ತೆಗೆದ.

ನನಗೆ ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡೆ, ಆದರೂ ಬಂತು. ಕಿಸಕ್ಕನೆ ನಕ್ಕುಬಿಟ್ಟೆ. ನನ್ನನ್ನು ನೋಡಿ ನನ್ನ ಗಂಡ ನಕ್ಕರು, ಡ್ರೈವರು ನಕ್ಕ, ಕಾವಲಿನವನು ಪುಸ್ತಕ ಮುಚ್ಚಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಹೋಗ್ರಿ, ಹೋಗ್ರಿ! ವಾಪಸ್ ಬರುವಾಗ ಖಾಲಿ ಬರ್ಬೇಕು ನೋಡ್ರಿ!" ಅಂದ.

ಲಾರಿ ಮುಂದಕ್ಕೆ ಹೋಯಿತು. ಮಾವ ಮಾತ್ರ ನಕ್ಕಿರಲಿಲ್ಲ. ಅವರು ನನ್ನ ಮುಖ ನೋಡುತ್ತಿದ್ದರು. ಆಗ ನನಗೆ ಹೊಳೆಯಿತು, ಅಯ್ಯೋ ದೇವರೇ, ನಾನೇನು ಮಾಡಿಬಿಟ್ಟೆ! ಐದು ದಿನ ಊರೆಲ್ಲ ನೋಡಿ ಒಬ್ಬರೂ ನಗದ ಗಣಪತಿಯನ್ನು ನೋಡಿ ಮೊದಲು ನಕ್ಕವಳು ಮನೆಯ ಸೊಸೆ!

ಕಾಲುವೆಯಲ್ಲಿ ಗಣಪತಿ ಒಂದು ಗುಳುಕ್ ಸದ್ದಿನೊಂದಿಗೆ ಮುಳುಗಿದ, ನೀರು ಕೆಂಪಾಗಿ ಹರಿಯಿತು. ಮಾವ ಕೈ ಮುಗಿದು ತಿರುಗಿದವರು ಮೈದುನನ ಹೆಗಲ ಮೇಲೆ ಕೈ ಇಟ್ಟು, "ಮುಂದಿನ ವರ್ಷದಿಂದ ನಿಂದೇ ತಗೊಂಡ್ ಬಾಪ" ಅಂದರು. ಮೈದುನ ಗೆದ್ದಿದ್ದ, ಆದರೂ ಮೋರೆ ತಿರುಗಿಸಿಕೊಂಡು ಹೋಗಿ ಲಾರಿ ಹತ್ತಿದ.

ಮನೆಗೆ ಬಂದು ಬಚ್ಚಲ ಕಟ್ಟೆಯ ಮೇಲೆ ಕೂತ ಮಾವನ ಕೈಗೆ ನಾನು ನೀರು ಹಾಕಿದೆ. "ಮಾವಾರ, ನಾ ಗಣಪ್ಪನ್ನ ನೋಡಿ ನಕ್ಕಿಲ್ರಿ, ಆ ಮನುಷ್ಯಾನ ನೋಡಿ ನಕ್ಕೆ" ಅಂದೆ. ಅವರು ತೊಳೆದ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡರು. ಅವು ನಡುಗುತ್ತಿದ್ದವು. ಚಳಿಗೆ ನಡುಗಿದ ಹಾಗಲ್ಲ. ಬೆರಳುಗಳು ತಮ್ಮಷ್ಟಕ್ಕೆ ತಾವೇ ಏನನ್ನೋ ಹೊಸೆಯುತ್ತಿದ್ದಂತೆ ಒಂದೇ ಸಮನೆ ನಡುಗುತ್ತಿದ್ದವು. ಹನ್ನೆರಡು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಆ ಕೈಗಳನ್ನು ಖಾಲಿಯಾಗಿ ನೋಡಿಯೇ ಇರಲಿಲ್ಲ.

"ಏನ್ರಿ ಮಾವಾರ ಇದು?"

"ಎರಡು ವರ್ಷಾತವ್ವ" ಅಂದರು. "ಸುಮ್ನ ಕುಂತ್ರ ನಡಗ್ತಾವ. ಏನರ ಹಿಡದು ಮಾಡಾಕತ್ರ ನಿಲ್ತಾವ. ಹುಡುಗ್ರಿಗೆ ಹೇಳಬ್ಯಾಡ, ಹೆದರ್ತಾರ."

 ಎರಡು ವರ್ಷ ಆ ಕರ್ರ್ ಕರ್ರ್ ಸದ್ದಿಗೆ ನಾನು ಎಷ್ಟು ಸಲ ಹಣೆ ಚಚ್ಚಿಕೊಂಡಿದ್ದೆ!  ಒಳಗೆ ಹೋದೆ. ಅವರ ಪೆಟ್ಟಿಗೆಯಿಂದ ಸ್ಕ್ರೂಡ್ರೈವರ್ ತೆಗೆದು ಕುಕ್ಕರಿನ ಹಿಡಿಕೆಯ ಎರಡೂ ಸ್ಕ್ರೂ ಬಿಚ್ಚಿ, ತಂದು ಅವರ ಮುಂದೆ ಇಟ್ಟೆ.

"ಮಾವಾರ, ಹಿಡಿಕಿ ಸಡ್ಲಾಗೇತ್ರಿ."

ಅವರು ತಿರುವಿ ತಿರುವಿ ನೋಡಿದರು. "ಇದು ತಾನಾಗೇ ಸಡ್ಲಾಗಿದ್ದಲ್ಲವ್ವ."

"ಅಲ್ರಿ. ನಾನೇ ಬಿಚ್ಚೀನಿ."

ಮಾವ ನನ್ನನ್ನೊಮ್ಮೆ ನೋಡಿ, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಸ್ಕ್ರೂಡ್ರೈವರ್ ಕೈಗೆ ಬಂದಿತು. ನಡುಕ ನಿಂತಿತು. ಎರಡು ನಿಮಿಷದಲ್ಲಿ ಹಿಡಿಕೆ ಗಟ್ಟಿಯಾಗಿ ಕೂತಿತು. ಕುಕ್ಕರನ್ನು ನನ್ನ ಕೈಗೆ ಕೊಟ್ಟು ಕೇಳಿದರು:

"ಆ ಮಿಕ್ಸರ್ ಯಾಕೋ ಸದ್ದು ಮಾಡ್ತೈತಲ್ಲವ್ವ? ಅದನ್ನೂ ಬಿಚ್ಚಿ ನೋಡೇ ಬಿಡೋಣೇನು?"

ತವರಿನವರು ಪಂಚಮಿಗೆ ಕೊಟ್ಟ ಹೊಸ ಮಿಕ್ಸರು. ಯಾವ ಸದ್ದೂ ಇರಲಿಲ್ಲ, ಗ್ಯಾರಂಟಿಯೂ ಮುಗಿದಿರಲಿಲ್ಲ. ಹೋಗಿ ತಂದುಕೊಟ್ಟೆ.